ಚಿಕಿತ್ಸಾ ಕುರ್ಚಿಯಲ್ಲಿನ ಭಯ: ದಂತ ವೈದ್ಯರು ಗುರುತಿಸುವ ಬಗೆ, ಶಮನಗೊಳಿಸುವ ಬಗೆ

(ಅಧ್ಯಯನ ಲೇಖನ: ತಾಲ್ಲೂಕು ಆಸ್ಪತ್ರೆ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳ ದಂತ ಆರೋಗ್ಯಾಧಿಕಾರಿಗಳು, ಶುಶ್ರೂಷಾ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಹಾಗೂ ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ)

ಹಲ್ಲುನೋವು ಕಾಣಿಸಿಕೊಂಡ ಮೊದಲ ದಿನವೇ ದಂತ ವೈದ್ಯರನ್ನು ಕಾಣುವವರು ವಿರಳ. ಮೊದಲು ಲವಂಗ, ಆಮೇಲೆ ಉಪ್ಪುನೀರು, ಆಮೇಲೆ ಔಷಧದ ಅಂಗಡಿಯ ನೋವಿನ ಮಾತ್ರೆ, ಕೊನೆಗೆ ಕೆನ್ನೆ ಊದಿಕೊಂಡಾಗ ಆಸ್ಪತ್ರೆ. ಗ್ರಾಮೀಣ ಭಾಗದಲ್ಲಿ ಸಾಮಾನ್ಯವಾಗಿ ಕಂಡುಬರುವ ಕ್ರಮವಿದು. ಈ ವಿಳಂಬಕ್ಕೆ ಆಸ್ಪತ್ರೆಯ ದೂರ, ಒಂದು ದಿನದ ಕೂಲಿಯ ನಷ್ಟ, ಖರ್ಚು ಮುಂತಾದ ಕಾರಣಗಳನ್ನು ಹೇಳಲಾಗುತ್ತದೆ. ಅವೆಲ್ಲವೂ ನಿಜವೇ. ಆದರೆ ಇವುಗಳ ಜೊತೆಗೆ ಮತ್ತೊಂದು ಕಾರಣವಿದೆ. ಅದನ್ನು ರೋಗಿ ಬಾಯಿಬಿಟ್ಟು ಹೇಳುವುದಿಲ್ಲ, ಹೊರರೋಗಿ ಚೀಟಿಯಲ್ಲಿ ಅದಕ್ಕೊಂದು ಅಂಕಣವೂ ಇರುವುದಿಲ್ಲ. ಅದು ಭಯ.

ದಂತ ಚಿಕಿತ್ಸೆಯ ಭಯವು ರೋಗಿಯ ಸ್ವಭಾವದ ದೋಷವಲ್ಲ. ರಕ್ತದೊತ್ತಡ, ಮಧುಮೇಹ, ಔಷಧದ ಅಲರ್ಜಿ ಇವುಗಳನ್ನು ಚಿಕಿತ್ಸೆಗೆ ಮೊದಲು ವಿಚಾರಿಸಿ ಬರೆದುಕೊಳ್ಳುವಂತೆಯೇ ಭಯವನ್ನೂ ವಿಚಾರಿಸಿ, ಅಳೆದು, ಚಿಕಿತ್ಸೆಯ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ. “ಹೆದರಬೇಡಿ” ಎಂಬ ಒಂದು ಮಾತು ಈ ಕೆಲಸವನ್ನು ಮಾಡಲಾರದು. ಹಾಗಾದರೆ ಮಾಡಬಲ್ಲದ್ದು ಯಾವುದು ಎಂಬುದನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ.

1. ಭಯದ ವಿಷಚಕ್ರ

ಭಯಪಟ್ಟವರು ಚಿಕಿತ್ಸೆಯನ್ನು ಮುಂದೂಡುತ್ತಾರೆ. ಮುಂದೂಡಿದಷ್ಟು ಕಾಲ ಹುಳುಕು ಆಳಕ್ಕಿಳಿಯುತ್ತದೆ. ಆರಂಭದಲ್ಲಿ ಹದಿನೈದು ನಿಮಿಷದಲ್ಲಿ ತುಂಬಿಸಬಹುದಾಗಿದ್ದ ಸಣ್ಣ ರಂಧ್ರವು ಹಲ್ಲಿನ ಒಳತಿರುಳನ್ನು ಮುಟ್ಟಿ ಕೀವಾಗುತ್ತದೆ. ಆಗ ಮಾಡಬೇಕಾದ ಚಿಕಿತ್ಸೆ ದೊಡ್ಡದು, ನೋವಿನ ಸಾಧ್ಯತೆಯೂ ಹೆಚ್ಚು. ಆ ಅನುಭವವು ಮೊದಲಿದ್ದ ಭಯವನ್ನು ಖಚಿತಪಡಿಸುತ್ತದೆ. ಮುಂದಿನ ಹಲ್ಲು ನೋಯುವಾಗ ಅದೇ ವ್ಯಕ್ತಿ ಇನ್ನೂ ತಡವಾಗಿ ಬರುತ್ತಾನೆ. ದಂತ ವೈದ್ಯಕೀಯ ಸಾಹಿತ್ಯದಲ್ಲಿ ಇದನ್ನು ವಿಷಚಕ್ರವೆಂದೇ ವರ್ಣಿಸಲಾಗಿದೆ.

ಈ ಚಕ್ರಕ್ಕೆ ಶಾರೀರಿಕ ಆಧಾರವೂ ಇದೆ. ಸೋಂಕು ತಗುಲಿದ ಅಂಗಾಂಶದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಸ್ಥಳೀಯ ಅರಿವಳಿಕೆಯ ಔಷಧವು ನರದೊಳಕ್ಕೆ ಸರಿಯಾಗಿ ಪ್ರವೇಶಿಸುವುದಿಲ್ಲ. ಅಂದರೆ ತಡವಾಗಿ ಬಂದವರಿಗೆ ಅರಿವಳಿಕೆಯೂ ಕಷ್ಟದಿಂದ ಹಿಡಿಯುತ್ತದೆ. ಭಯದಲ್ಲಿರುವ ದೇಹವು ಅಡ್ರಿನಲಿನ್ ಸ್ರವಿಸುತ್ತದೆ, ನಾಡಿ ವೇಗವಾಗುತ್ತದೆ, ಬಾಯಿ ಒಣಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಮನಸ್ಸು ನೋವನ್ನೇ ಕಾಯುತ್ತ ಕೂರುತ್ತದೆ. ನೋವನ್ನು ನಿರೀಕ್ಷಿಸುತ್ತಿರುವವರಿಗೆ ಅದೇ ಪ್ರಮಾಣದ ನೋವು ಹೆಚ್ಚು ತೀವ್ರವಾಗಿ ಅನುಭವಕ್ಕೆ ಬರುತ್ತದೆ.

ವಿಳಂಬದ ಪರಿಣಾಮ ಕೆಲವೊಮ್ಮೆ ಒಂದು ಹಲ್ಲಿಗಷ್ಟೇ ಸೀಮಿತವಾಗದು. ಕೆಳದವಡೆಯ ಹಲ್ಲಿನ ಸೋಂಕು ನಾಲಿಗೆಯ ತಳಕ್ಕೂ ಕುತ್ತಿಗೆಗೂ ಹರಡಿದಾಗ ಉಸಿರಾಟದ ಮಾರ್ಗವೇ ಕಟ್ಟಿಕೊಳ್ಳುವ ಅಪಾಯವುಂಟು. ಆದ್ದರಿಂದ ಭಯದ ಶಮನವು ರೋಗಿಗೆ ತೋರುವ ಸೌಜನ್ಯ ಮಾತ್ರವಲ್ಲ, ರೋಗ ನಿಯಂತ್ರಣದ ಭಾಗವೂ ಹೌದು.

2. ಭಯದ ಮೂಲಗಳು

ಎಲ್ಲರ ಭಯವೂ ಒಂದೇ ಅಲ್ಲ. ಮೂಲವನ್ನು ತಿಳಿಯದೆ ಪರಿಹಾರವನ್ನು ನಿಶ್ಚಯಿಸಲಾಗದು. ಸಾಮಾನ್ಯವಾಗಿ ಕಂಡುಬರುವ ಮೂಲಗಳು ಹೀಗಿವೆ:

(ಅ) ಹಿಂದಿನ ಅನುಭವ: ಬಾಲ್ಯದಲ್ಲಿ ಕೈಕಾಲು ಹಿಡಿದು ಹಲ್ಲು ಕಿತ್ತ ನೆನಪು, ಅಥವಾ ಅರಿವಳಿಕೆ ಹಿಡಿಯುವ ಮೊದಲೇ ಇಕ್ಕಳ ಹಾಕಿದ ಅನುಭವ.

(ಆ) ಸೂಜಿ, ರಕ್ತ, ಯಂತ್ರದ ಶಬ್ದ: ಕೆಲವರಿಗೆ ಸೂಜಿಯನ್ನು ಕಂಡರೆ ಸಾಕು, ತಲೆ ಸುತ್ತುತ್ತದೆ. ಕೆಲವರಿಗೆ ಹಲ್ಲು ಕೊರೆಯುವ ಯಂತ್ರದ ಸದ್ದೇ ತಡೆಯಲಾಗದು.

(ಇ) ಉಸಿರುಕಟ್ಟುವ ಭಯ: ಅಂಗಾತ ಮಲಗಿ, ಬಾಯಿ ತೆರೆದು, ಗಂಟಲಿನಲ್ಲಿ ನೀರು ಸೇರುವಾಗ ಮಾತನಾಡಲಾಗದ ಅಸಹಾಯಕತೆ.

(ಈ) ಸಂಕೋಚ: ಎಲೆ-ಅಡಿಕೆ, ಹೊಗೆಸೊಪ್ಪು, ಗುಟ್ಕಾ ಸೇವನೆಯಿಂದ ಕಲೆಯಾದ ಬಾಯಿಯನ್ನು ತೋರಿಸಿದರೆ ಬೈಯುತ್ತಾರೆಂಬ ಅಳುಕು. ನೋವಿಗೆ ಹೆದರುವವರಿಗಿಂತ ಬೈಗುಳಕ್ಕೆ ಹೆದರಿ ಮನೆಯಲ್ಲೇ ಉಳಿಯುವವರೂ ಇದ್ದಾರೆ.

(ಉ) ತಪ್ಪು ನಂಬಿಕೆಗಳು: “ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ”, “ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ” ಎಂಬ ಮಾತುಗಳು ಊರೂರಿನಲ್ಲಿ ಕೇಳಿಬರುತ್ತವೆ. ದೃಷ್ಟಿಗೆ ಸಂಬಂಧಿಸಿದ ನರವೇ ಬೇರೆ, ಮೇಲ್ದವಡೆಯ ಹಲ್ಲುಗಳ ನರವೇ ಬೇರೆ. ಹಲ್ಲು ಕಿತ್ತರೆ ದೃಷ್ಟಿ ಹೋಗುವುದಿಲ್ಲ. ಹಾಗೆಯೇ, ಹಲ್ಲುಗಳ ನಡುವೆ ಗಟ್ಟಿಯಾಗಿ ಕುಳಿತಿದ್ದ ಕಿಟ್ಟವನ್ನು ತೆಗೆದಾಗ ಅದು ಮುಚ್ಚಿಟ್ಟಿದ್ದ ಸಂದು ಕಾಣುತ್ತದೆ. ಒಸಡಿನ ರೋಗದಿಂದ ಮೊದಲೇ ಸಡಿಲವಾಗಿದ್ದ ಹಲ್ಲಿನ ಸ್ಥಿತಿ ಆಗ ಅರಿವಿಗೆ ಬರುತ್ತದೆಯೇ ಹೊರತು ಶುಚಿಗೊಳಿಸಿದ್ದರಿಂದ ಹಲ್ಲು ಸಡಿಲವಾಗುವುದಿಲ್ಲ.

3. ಕಣ್ಣಿಗೆ ಕಾಣುವ ಲಕ್ಷಣಗಳು

ನಮ್ಮ ಭಾಗದ ರೋಗಿಗಳು ವೈದ್ಯರ ಎದುರಿನಲ್ಲಿ “ನನಗೆ ಭಯವಾಗುತ್ತಿದೆ” ಎಂದು ಹೇಳುವುದು ಅಪರೂಪ. ಹಿರಿಯರು ಗೌರವದಿಂದ ಸುಮ್ಮನಿರುತ್ತಾರೆ, ಗಂಡಸರು ನಾಚಿಕೆಯಿಂದ ಸುಮ್ಮನಿರುತ್ತಾರೆ, ಹೆಣ್ಣುಮಕ್ಕಳು ಸೆರಗನ್ನು ಬಾಯಿಗೆ ಒತ್ತಿಕೊಂಡು “ಏನಿಲ್ಲ ಸರ್” ಎಂದುಬಿಡುತ್ತಾರೆ. ಆದ್ದರಿಂದ ಮಾತಿಗಿಂತ ಮೊದಲು ದೇಹವನ್ನು ಗಮನಿಸಬೇಕು.

ಕಾಯುವ ಸ್ಥಳದಲ್ಲಿ: ಸರದಿ ಬಂದಾಗ ಮುಂದಿನವರಿಗೆ ಬಿಟ್ಟುಕೊಡುವುದು, ಪದೇ ಪದೇ ಶೌಚಾಲಯಕ್ಕೆ ಹೋಗುವುದು, ಹಿಂದೆ ಎರಡು ಮೂರು ಬಾರಿ ದಿನಾಂಕ ಪಡೆದು ಬಾರದಿರುವುದು, “ಮಾತ್ರೆ ಕೊಟ್ಟರೆ ಸಾಕು” ಎಂದು ಒತ್ತಾಯಿಸುವುದು.

ಕುರ್ಚಿಯಲ್ಲಿ: ಬೆನ್ನನ್ನು ಕುರ್ಚಿಗೆ ಒರಗಿಸದೆ ತುದಿಯಲ್ಲಿ ಕೂರುವುದು, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿಯುವುದು, ಭುಜ ಮೇಲೇರಿರುವುದು, ಕಾಲ್ಬೆರಳು ಮುದುಡಿರುವುದು, ಕಣ್ಣು ಉಪಕರಣದ ತಟ್ಟೆಯನ್ನೇ ಹಿಂಬಾಲಿಸುವುದು, ಉಸಿರು ಮೇಲಿಂದ ಮೇಲೆ ಮತ್ತು ಚಿಕ್ಕದಾಗಿರುವುದು, ಅಂಗೈ ಹಾಗೂ ಮೇಲ್ದುಟಿಯ ಮೇಲೆ ಬೆವರು, ಬಾಯಿಯನ್ನು ಮತ್ತೆ ಮತ್ತೆ ಮುಚ್ಚಿಕೊಳ್ಳುವುದು, ಕನ್ನಡಿ ತಗುಲಿದೊಡನೆ ವಾಕರಿಕೆ.

ಮಾತಿನಲ್ಲಿ: ಅತಿಯಾಗಿ ಮಾತನಾಡುವುದು ಅಥವಾ ಪೂರ್ತಿ ಮೌನ. ಇವೆರಡೂ ಒಂದೇ ಭಯದ ಎರಡು ಮುಖಗಳಾಗಿರಬಹುದು. ಸಿಡುಕಿನಿಂದ ಉತ್ತರಿಸುವವರನ್ನು ಒರಟರೆಂದು ಭಾವಿಸುವ ಮುನ್ನ ಅವರ ನಾಡಿ ಹಿಡಿದು ನೋಡುವುದು ಒಳಿತು. ಗಲಾಟೆ ಮಾಡುವವರು ಹೇಗಾದರೂ ಗಮನಕ್ಕೆ ಬರುತ್ತಾರೆ. ಕದಲದೆ, ಕಣ್ಣು ಮುಚ್ಚಿ ಎಲ್ಲವನ್ನೂ ಸಹಿಸಿಕೊಂಡವರು ಮಾತ್ರ “ಸಹಕರಿಸಿದ ರೋಗಿ” ಎಂದು ದಾಖಲಾಗಿ ಮತ್ತೆ ಬಾರದೇ ಹೋಗುತ್ತಾರೆ.

ಕುರ್ಚಿಯಲ್ಲಿ ಕುಳಿತೊಡನೆ ಅಳೆದ ರಕ್ತದೊತ್ತಡವು ಭಯದಿಂದಲೇ ಏರಿರಬಹುದು. ಐದು ನಿಮಿಷ ವಿಶ್ರಾಂತಿಯ ನಂತರ ಮತ್ತೊಮ್ಮೆ ಅಳೆದು ನಿರ್ಧರಿಸತಕ್ಕದ್ದು. ಆಗಲೂ ಹೆಚ್ಚಿದ್ದಲ್ಲಿ ಭಯವೆಂದು ತಳ್ಳಿಹಾಕದೆ ವೈದ್ಯಾಧಿಕಾರಿಗಳ ಅಭಿಪ್ರಾಯ ಪಡೆಯತಕ್ಕದ್ದು.

4. ಕೇಳಿ ಅಳೆಯುವ ಕ್ರಮ

ಭಯವನ್ನು ಅಳೆಯಲು ಸರಳ ಸಾಧನಗಳು ಲಭ್ಯವಿವೆ. ಅಮೆರಿಕದ ನಾರ್ಮನ್ ಕೋರಾ ಅವರು 1969ರಲ್ಲಿ ನಾಲ್ಕು ಪ್ರಶ್ನೆಗಳ ದಂತ ಆತಂಕ ಮಾಪಕವನ್ನು ಪ್ರಕಟಿಸಿದರು. ಬ್ರಿಟನ್ನಿನ ಜೆರ್ರಿ ಹಂಫ್ರಿಸ್ ಮತ್ತು ಸಂಗಡಿಗರು 1995ರಲ್ಲಿ ಅದಕ್ಕೆ ಚುಚ್ಚುಮದ್ದಿನ ಕುರಿತ ಪ್ರಶ್ನೆಯನ್ನು ಸೇರಿಸಿ ಐದು ಪ್ರಶ್ನೆಗಳ ಪರಿಷ್ಕೃತ ಮಾಪಕವನ್ನು ರೂಪಿಸಿದರು. ಅದು ವಿಚಾರಿಸುವ ಐದು ಸನ್ನಿವೇಶಗಳು:

(1) ನಾಳೆ ಚಿಕಿತ್ಸೆಗೆ ಹೋಗಬೇಕಿದೆ ಎಂದಾಗ
(2) ಕಾಯುವ ಕೋಣೆಯಲ್ಲಿ ಕುಳಿತಿರುವಾಗ
(3) ಹಲ್ಲನ್ನು ಕೊರೆಯಲಿದ್ದಾರೆ ಎಂದಾಗ
(4) ಹಲ್ಲಿನ ಕಿಟ್ಟ ತೆಗೆದು ಶುಚಿಗೊಳಿಸಲಿದ್ದಾರೆ ಎಂದಾಗ
(5) ಒಸಡಿಗೆ ಅರಿವಳಿಕೆಯ ಚುಚ್ಚುಮದ್ದು ಕೊಡಲಿದ್ದಾರೆ ಎಂದಾಗ

ಪ್ರತಿಯೊಂದಕ್ಕೂ “ಭಯವಿಲ್ಲ” ಎಂಬುದಕ್ಕೆ 1, “ಅತ್ಯಂತ ಭಯ” ಎಂಬುದಕ್ಕೆ 5 ಅಂಕ. ಒಟ್ಟು ಅಂಕ 5ರಿಂದ 25ರವರೆಗೆ. 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಭಯವೆಂದು ಪರಿಗಣಿಸಲಾಗುತ್ತದೆ. ಓದು ಬಾರದವರಿಗೆ ಆಶಾ ಕಾರ್ಯಕರ್ತೆ ಅಥವಾ ಶುಶ್ರೂಷಕಿಯರು ಪ್ರಶ್ನೆಗಳನ್ನು ಓದಿ ಹೇಳಿ, ಐದು ಬೆರಳುಗಳಲ್ಲಿ ಎಷ್ಟೆಂದು ತೋರಿಸಲು ಕೇಳಬಹುದು. ಒಟ್ಟು ಅಂಕದಷ್ಟೇ ಮುಖ್ಯವಾದದ್ದು ಯಾವ ಪ್ರಶ್ನೆಗೆ 5 ಬಂದಿದೆ ಎಂಬುದು. ಯಾವ ಹಂತದಲ್ಲಿ ಹೆಚ್ಚು ಎಚ್ಚರ ಬೇಕೆಂಬುದನ್ನು ಅದೇ ತಿಳಿಸುತ್ತದೆ.

ಕೇಳಿದರೆ ಇಲ್ಲದ ಭಯವನ್ನು ಹುಟ್ಟಿಸಿದಂತಾಗುವುದಿಲ್ಲವೇ ಎಂಬ ಶಂಕೆ ಸಹಜ. ಬ್ರಿಟನ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದಕ್ಕೆ ಭಿನ್ನವಾದ ಫಲಿತಾಂಶವನ್ನು ನೀಡಿದೆ. ಭರ್ತಿ ಮಾಡಿದ ಪ್ರಶ್ನಾವಳಿಯನ್ನು ದಂತ ವೈದ್ಯರ ಕೈಗೆ ಕೊಟ್ಟ ರೋಗಿಗಳ ಆತಂಕವು, ವೈದ್ಯರಿಗೆ ವಿಷಯ ತಿಳಿಯದೆ ಉಳಿದ ರೋಗಿಗಳ ಆತಂಕಕ್ಕಿಂತ ಹೆಚ್ಚು ಇಳಿದಿತ್ತು. ತನ್ನ ಭಯ ವೈದ್ಯರಿಗೆ ತಿಳಿದಿದೆ ಎಂಬ ಅರಿವೇ ರೋಗಿಯ ಹೊರೆಯನ್ನು ಇಳಿಸುತ್ತದೆ.

5. ಶಮನದ ವಿಧಾನಗಳು

5.1 ಮಾತು: “ಏನೂ ಆಗಲ್ಲ, ನೋವೇ ಆಗಲ್ಲ” ಎಂಬ ಭರವಸೆ ಅಪಾಯಕಾರಿ. ಅನಂತರ ಸ್ವಲ್ಪ ನೋವಾದರೂ ವೈದ್ಯರ ಮುಂದಿನ ಎಲ್ಲ ಮಾತುಗಳೂ ಸುಳ್ಳೆನಿಸುತ್ತವೆ. ನಿಜವನ್ನು, ಮೆದುವಾಗಿ, ಮುಂಚಿತವಾಗಿ ಹೇಳುವುದು ಸರಿಯಾದ ಕ್ರಮ. ಉದಾಹರಣೆಗೆ: “ಅಮ್ಮಾ, ಮೊದಲು ಒಸಡಿಗೆ ಮುಲಾಮು ಹಚ್ಚುತ್ತೇನೆ. ಆಮೇಲೆ ಇರುವೆ ಕಚ್ಚಿದಷ್ಟು ಚುರುಕ್ ಎನ್ನಬಹುದು. ಐದು ನಿಮಿಷಕ್ಕೆ ತುಟಿ ದಪ್ಪವಾದ ಹಾಗೆ ಅನಿಸುತ್ತದೆ. ನಿಜವಾಗಿ ದಪ್ಪ ಆಗಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ.” ಹೀಗೆ ಹೇಳಿದಾಗ ಮುಂದಾಗುವುದು ರೋಗಿಗೆ ಮೊದಲೇ ತಿಳಿದಿರುತ್ತದೆ, ತಿಳಿದಿರುವುದು ಕಡಿಮೆ ಹೆದರಿಸುತ್ತದೆ. ಬಾಯಿಯಲ್ಲಿ ಉಪಕರಣ ಇರುವಾಗ ಪ್ರಶ್ನೆ ಕೇಳಬಾರದು. ಉತ್ತರಿಸಲಾಗದ ಸ್ಥಿತಿಯೇ ಒಂದು ಹಿಂಸೆ.

5.2 ನಿಲ್ಲಿಸುವ ಸಂಕೇತ: ಚಿಕಿತ್ಸೆ ಆರಂಭಿಸುವ ಮೊದಲು “ನೋವಾದರೆ ಎಡಗೈ ಎತ್ತಿ, ನಾನು ಕೂಡಲೇ ನಿಲ್ಲಿಸುತ್ತೇನೆ” ಎಂದು ಒಪ್ಪಂದ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ವೈದ್ಯರು ಬಲಬದಿಯಲ್ಲಿ ಇರುವುದರಿಂದ ಎಡಗೈ ಸುರಕ್ಷಿತ. ಒಮ್ಮೆ ಸುಮ್ಮನೆ ಕೈ ಎತ್ತಿಸಿ, ನಿಲ್ಲಿಸಿ ತೋರಿಸುವುದು ಉತ್ತಮ. ಇಡೀ ಕ್ರಮದಲ್ಲಿ ಖರ್ಚಿಲ್ಲದ, ಆದರೆ ಅತ್ಯಂತ ಉಪಯುಕ್ತವಾದ ಅಂಶವಿದು. ಒಂದೇ ನಿಬಂಧನೆಯೆಂದರೆ, ಕೈ ಎತ್ತಿದಾಗ ನಿಲ್ಲಿಸಲೇಬೇಕು. “ಇನ್ನೊಂದು ಕ್ಷಣ, ಆಯ್ತು ಆಯ್ತು” ಎಂದು ಮುಂದುವರಿಸಿದರೆ ಸಂಕೇತ ಇಲ್ಲದಿದ್ದಾಗಿನ ಸ್ಥಿತಿಗಿಂತ ಕೆಟ್ಟ ಸ್ಥಿತಿ ಉಂಟಾಗುತ್ತದೆ.

5.3 ಅರಿವಳಿಕೆ: ಅರಿವಳಿಕೆಯ ಇತಿಹಾಸವು ದಂತ ವೈದ್ಯರಿಗೇ ಋಣಿಯಾಗಿದೆ. 1844ರಲ್ಲಿ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡನ್ನು ಹಲ್ಲು ಕೀಳಲು ಬಳಸಿದರು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಪ್ರಯೋಗವನ್ನು ಸಾರ್ವಜನಿಕವಾಗಿ ತೋರಿಸಿದ ವಿಲಿಯಂ ಮಾರ್ಟನ್ ಸಹ ದಂತ ವೈದ್ಯರೇ. ಇಂದು ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಲಿಗ್ನೋಕೇನನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದರು. ಔಷಧ ಉತ್ತಮವಾಗಿದೆ. ಅದನ್ನು ಕೊಡುವ ಕ್ರಮ ಸರಿಯಿದ್ದರೆ ಭಯದ ಬಹುಪಾಲು ಕಾರಣ ನಿವಾರಣೆಯಾಗುತ್ತದೆ:

• ಒಸಡನ್ನು ಒರೆಸಿ ಒಣಗಿಸಿ ಮೇಲ್ಮೈ ಅರಿವಳಿಕೆಯ ಮುಲಾಮನ್ನು ಹಚ್ಚಿ ಸುಮಾರು ಎರಡು ನಿಮಿಷ ಕಾಯಬೇಕು.
• ಚುಚ್ಚುವಾಗ ಕೆನ್ನೆಯನ್ನು ಎಳೆದು ಹಿಡಿದು, ಔಷಧವನ್ನು ನಿಧಾನವಾಗಿ, ನಿಮಿಷಕ್ಕೆ ಸುಮಾರು 1 ಮಿ.ಲೀ. ವೇಗದಲ್ಲಿ ಬಿಡಬೇಕು. ಹೆಚ್ಚಿನ ನೋವು ಸೂಜಿಯಿಂದಲ್ಲ, ಔಷಧವನ್ನು ರಭಸದಿಂದ ತಳ್ಳುವುದರಿಂದ ಬರುತ್ತದೆ.
• ಅಡ್ರಿನಲಿನ್ ಬೆರೆತ ಔಷಧದಿಂದ ಸ್ವಲ್ಪ ಹೊತ್ತು ಎದೆಬಡಿತ ಹೆಚ್ಚೆನಿಸಬಹುದೆಂದು ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ರೋಗಿ ಅದನ್ನು ಹೃದಯಾಘಾತವೆಂದು ಭಾವಿಸುವ ಸಂಭವವಿದೆ.
• ಅರಿವಳಿಕೆ ಹಿಡಿದಿದೆಯೇ ಎಂದು ಮೊನೆಯಿಂದ ಒತ್ತಿ ಪರೀಕ್ಷಿಸಿದ ನಂತರವೇ ಚಿಕಿತ್ಸೆ ಆರಂಭಿಸಬೇಕು. ಹಿಡಿಯದಿದ್ದರೆ ಅದು ರೋಗಿಯ ಹಠವಲ್ಲ.
• ಅರಿವಳಿಕೆಯು ನೋವನ್ನು ತಡೆಯುತ್ತದೆ, ಒತ್ತಡದ ಅರಿವನ್ನು ತಡೆಯುವುದಿಲ್ಲ. “ಒತ್ತಿದ್ದು ತಿಳಿಯುತ್ತದೆ, ಕಟಕ್ ಎಂದು ಸದ್ದು ಕೇಳಬಹುದು, ಆದರೆ ನೋವಾಗಬಾರದು” ಎಂದು ವಿವರಿಸಬೇಕು. ಈ ವ್ಯತ್ಯಾಸ ಗೊತ್ತಿಲ್ಲದ ರೋಗಿಯು ಒತ್ತಡವನ್ನೇ ನೋವೆಂದು ತಿಳಿದು ಬೆದರುತ್ತಾನೆ.

5.4 ಉಸಿರು ಮತ್ತು ಸ್ನಾಯು: ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡುವುದನ್ನು ಎರಡು ನಿಮಿಷ ಮಾಡಿಸಿದರೆ ನಾಡಿಯ ವೇಗ ಇಳಿಯುತ್ತದೆ. ಆದರೆ ರಕ್ತ ಅಥವಾ ಸೂಜಿ ಕಂಡು ಪ್ರಜ್ಞೆ ತಪ್ಪುವ ಸ್ವಭಾವದವರಿಗೆ ಬೇರೆಯೇ ಕ್ರಮ ಬೇಕು. ಅವರ ರಕ್ತದೊತ್ತಡ ಹಠಾತ್ತನೆ ಇಳಿಯುವುದೇ ಸಮಸ್ಯೆಯಾದ್ದರಿಂದ ಮೈ ಸಡಿಲ ಬಿಡುವಂತೆ ಹೇಳಿದರೆ ಪ್ರಯೋಜನವಾಗದು. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಗೋರಾನ್ ಊಸ್ಟ್ ಅವರು 1980ರ ದಶಕದಲ್ಲಿ ಇಂಥವರಿಗಾಗಿ ಸ್ನಾಯು ಬಿಗಿಯುವ ವಿಧಾನವನ್ನು ರೂಪಿಸಿದರು. ಕೈಕಾಲು ಹಾಗೂ ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು, ಬಿಟ್ಟು, ಮತ್ತೆ ಬಿಗಿಹಿಡಿಯುವುದರಿಂದ ರಕ್ತದೊತ್ತಡ ಇಳಿಯದಂತೆ ತಡೆಯಬಹುದು.

5.5 ಕೊರೆತವಿಲ್ಲದ ಚಿಕಿತ್ಸೆ: ಯಂತ್ರದ ಸದ್ದಿಗೆ ಹೆದರುವವರಿಗೆ, ಅದರಲ್ಲಿಯೂ ಮಕ್ಕಳಿಗೆ, ಕೈ ಉಪಕರಣಗಳಿಂದಲೇ ಹುಳುಕನ್ನು ಕೆರೆದು ತೆಗೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ ವಿಧಾನವು ಉಪಯುಕ್ತ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ, ವಿದ್ಯುತ್ ಮತ್ತು ಯಂತ್ರ ಸೌಲಭ್ಯವಿಲ್ಲದ ಗ್ರಾಮಗಳಿಗಾಗಿ ಇದು ರೂಪುಗೊಂಡಿತು. ಹುಳುಕು ಮುಂದುವರಿಯದಂತೆ ತಡೆಯುವ ಸಿಲ್ವರ್ ಡೈಅಮೀನ್ ಫ್ಲೋರೈಡ್ ದ್ರಾವಣವನ್ನು ಚುಚ್ಚುಮದ್ದು, ಕೊರೆತ ಎರಡೂ ಇಲ್ಲದೆ ಹಚ್ಚಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2021ರ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇವೆರಡು ವಸ್ತುಗಳನ್ನೂ ಸೇರಿಸಿದೆ. ಈ ದ್ರಾವಣ ಹಚ್ಚಿದ ಹುಳುಕು ಕಪ್ಪಾಗುತ್ತದೆಂಬುದನ್ನು ಪೋಷಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದು.

5.6 ಹಿರಿಯರು: ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹಿರಿಯರಿಗಾಗಿ ಕರ್ನಾಟಕದಲ್ಲಿ ಜಾರಿಗೆ ಬಂದ ದಂತಭಾಗ್ಯ ಯೋಜನೆಯಂತಹ ಸೌಲಭ್ಯದಡಿ ಹಲ್ಲಿನ ಸೆಟ್ಟು ಪಡೆಯುವವರಿಗೆ ಸೂಜಿಯ ಭಯಕ್ಕಿಂತ ಅಚ್ಚು ತೆಗೆಯುವಾಗಿನ ವಾಕರಿಕೆಯ ಭಯ ಹೆಚ್ಚು. ಅವರನ್ನು ಮಲಗಿಸದೆ ನೇರವಾಗಿ ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನಿಂದ ಉಸಿರಾಡಲು ಹೇಳಿ, ಎಷ್ಟು ನಿಮಿಷ ಹಿಡಿಯುತ್ತದೆಂದು ತಿಳಿಸಿ ಗಟ್ಟಿಯಾಗಿ ಎಣಿಸುತ್ತಿದ್ದರೆ ಹೆಚ್ಚಿನವರು ಸಹಿಸಿಕೊಳ್ಳುತ್ತಾರೆ. ಕಿವಿ ಮಂದವಿರುವವರೊಂದಿಗೆ ಮುಖಗವುಸನ್ನು ಕೆಳಗಿಳಿಸಿ, ಎದುರು ನಿಂತು ಮಾತನಾಡಿದ ನಂತರವೇ ಕೆಲಸ ಆರಂಭಿಸಬೇಕು.

6. ಸಮಯದ ಪ್ರಶ್ನೆ

ಹೊರಗೆ ಸಾಲು ನಿಂತಿರುವಾಗ ಇಷ್ಟೆಲ್ಲ ಮಾಡಲು ಸಮಯವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಚಿಕಿತ್ಸೆಯ ಕ್ರಮವನ್ನು ಬಿಡಿಸಿ ನೋಡಿದರೆ ಅದರೊಳಗೇ ಕಾಯುವ ಅವಧಿಗಳಿವೆ. ಸರದಿಗಾಗಿ ಕಾಯುವ ಹೊತ್ತಿನಲ್ಲಿ ಐದು ಪ್ರಶ್ನೆಗಳನ್ನು ಕೇಳಿ ಮುಗಿಸಬಹುದು. ಮುಲಾಮು ಹಿಡಿಯಲು ಎರಡು ನಿಮಿಷ ಹೇಗಿದ್ದರೂ ಕಾಯಬೇಕು, ಸಂಕೇತವನ್ನು ಆಗ ಕಲಿಸಬಹುದು. ಕೆಳದವಡೆಯ ಚುಚ್ಚುಮದ್ದು ಹಿಡಿಯಲು ಮೂರರಿಂದ ಐದು ನಿಮಿಷ ಬೇಕು, ಮುಂದಿನ ಹಂತವನ್ನು ಆಗ ವಿವರಿಸಬಹುದು. ಹೊಸದಾಗಿ ಸೇರಿಸಬೇಕಾದ ಸಮಯ ಅತ್ಯಲ್ಪ, ಇರುವ ಸಮಯವನ್ನು ಬಳಸಿಕೊಳ್ಳುವುದಷ್ಟೇ ಬೇಕಾಗಿದೆ. ಪ್ರತಿಯಾಗಿ, ಹೆದರಿದ ರೋಗಿಯ ಬಾಯಿ ಮುಚ್ಚುವಿಕೆ, ವಾಕರಿಕೆ, ತಲೆಸುತ್ತು ಹಾಗೂ ಅರ್ಧಕ್ಕೆ ನಿಂತ ಚಿಕಿತ್ಸೆಗಳಿಂದ ವ್ಯರ್ಥವಾಗುವ ಸಮಯ ಉಳಿಯುತ್ತದೆ.

7. ಮಕ್ಕಳ ವಿಷಯದಲ್ಲಿ

ಮಕ್ಕಳ ದಂತ ಚಿಕಿತ್ಸೆಯಲ್ಲಿ “ಹೇಳು, ತೋರಿಸು, ಮಾಡು” ಎಂಬ ಕ್ರಮ ಪ್ರಸಿದ್ಧ. ಹ್ಯಾರಿ ಆಡಲ್‌ಸ್ಟನ್ ಇದನ್ನು 1959ರಲ್ಲಿ ವಿವರಿಸಿದರು. ನೀರು ಚಿಮ್ಮಿಸುವ ಉಪಕರಣವನ್ನು ಮೊದಲು ಮಗುವಿನ ಭಾಷೆಯಲ್ಲಿ ಹೇಳುವುದು, ಅದರ ಅಂಗೈ ಮೇಲೆ ನೀರು ಬಿಟ್ಟು ತೋರಿಸುವುದು, ಆಮೇಲೆ ಬಾಯಿಯಲ್ಲಿ ಬಳಸುವುದು. ಸೂಜಿಯನ್ನು ಮಾತ್ರ ಕಣ್ಣೆದುರು ಹಿಡಿದು ತೋರಿಸಬೇಕಿಲ್ಲ. “ಹಲ್ಲಿಗೆ ನಿದ್ದೆ ಬರಿಸುವ ಔಷಧ” ಎಂದರೆ ಸಾಕು. ಆದರೆ “ಚುಚ್ಚುತ್ತೀರಾ?” ಎಂದು ಮಗುವೇ ಕೇಳಿದರೆ ಇಲ್ಲವೆಂದು ಸುಳ್ಳು ಹೇಳಬಾರದು.

ಮಗುವಿನ ವರ್ತನೆಯನ್ನು ದಾಖಲಿಸಲು 1962ರ ಫ್ರಾಂಕ್ಲ್ ಮಾಪಕ ಬಳಕೆಯಲ್ಲಿದೆ. ಅದರಲ್ಲಿ ಪೂರ್ಣ ನಿರಾಕರಣೆಗೆ 1, ಅಸಹಕಾರಕ್ಕೆ 2, ಅಳುಕಿನಿಂದ ಕೂಡಿದ ಸಹಕಾರಕ್ಕೆ 3, ಸಂತೋಷದ ಸಹಕಾರಕ್ಕೆ 4. ಪ್ರತಿ ಭೇಟಿಯಲ್ಲಿ ಇದನ್ನು ಬರೆದಿಟ್ಟರೆ ಮಗು ಮುಂದೆ ಸಾಗುತ್ತಿದೆಯೇ ಹಿಂದೆ ಸರಿಯುತ್ತಿದೆಯೇ ಎಂಬುದು ತಿಳಿಯುತ್ತದೆ. ತುರ್ತಿಲ್ಲದಿದ್ದಲ್ಲಿ ಮೊದಲ ಭೇಟಿ ಎಣಿಕೆ ಮತ್ತು ಪರೀಕ್ಷೆಗೆ ಮಾತ್ರ ಇರಲಿ. ಮುಗಿದ ಮೇಲೆ “ಒಳ್ಳೆಯವನು” ಎಂಬುದಕ್ಕಿಂತ “ಬಾಯಿ ಚೆನ್ನಾಗಿ ತೆರೆದುಕೊಂಡಿದ್ದೆ ಮಗು” ಎಂದು ನಿರ್ದಿಷ್ಟವಾಗಿ ಮೆಚ್ಚುವುದು ಹೆಚ್ಚು ಫಲಕಾರಿ.

8. ತಲೆಸುತ್ತು ಮತ್ತು ಎಚ್ಚರಿಕೆಗಳು

ದಂತ ಚಿಕಿತ್ಸಾಲಯದಲ್ಲಿ ಹೆಚ್ಚಾಗಿ ಎದುರಾಗುವ ತುರ್ತು ಸ್ಥಿತಿಯೆಂದರೆ ಭಯದಿಂದ ಪ್ರಜ್ಞೆ ತಪ್ಪುವುದು. ಮುಖ ಬಿಳಿಚಿಕೊಳ್ಳುವುದು, ತಣ್ಣನೆಯ ಬೆವರು, ಆಕಳಿಕೆ, ವಾಕರಿಕೆ ಇದರ ಮುನ್ಸೂಚನೆಗಳು. ಕೂಡಲೇ ಬಾಯಿಯಲ್ಲಿನ ವಸ್ತುಗಳನ್ನು ತೆಗೆದು, ಕುರ್ಚಿಯನ್ನು ಮಲಗಿಸಿ, ಕಾಲುಗಳನ್ನು ಮೇಲೆತ್ತಬೇಕು. ತುಂಬು ಗರ್ಭಿಣಿಯಾಗಿದ್ದಲ್ಲಿ ಎಡಮಗ್ಗುಲಿಗೆ ತಿರುಗಿಸಬೇಕು. ಸಾಮಾನ್ಯವಾಗಿ ಅಲ್ಪ ಸಮಯದಲ್ಲಿ ಚೇತರಿಕೆ ಕಾಣುತ್ತದೆ. ಚೇತರಿಸದಿದ್ದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದರೆ, ಮಧುಮೇಹಿಯಲ್ಲಿ ಸಕ್ಕರೆ ಇಳಿದ ಲಕ್ಷಣವಿದ್ದರೆ, ಅದನ್ನು ಭಯವೆಂದು ಬಗೆಯದೆ ತಕ್ಷಣ ತುರ್ತು ಚಿಕಿತ್ಸೆ ಒದಗಿಸಬೇಕು.

ರೋಗಿಗಳಿಗೆ ತಿಳಿಸಬೇಕಾದ ಅಂಶಗಳು: ಸ್ಥಳೀಯ ಅರಿವಳಿಕೆಯ ಚಿಕಿತ್ಸೆಗೆ ಹಸಿದ ಹೊಟ್ಟೆಯಲ್ಲಿ ಬರಬಾರದು, ಲಘು ಆಹಾರ ಸೇವಿಸಿ ಬರಬೇಕು. ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಧೈರ್ಯಕ್ಕೆಂದು ಮದ್ಯ ಅಥವಾ ನಿದ್ರೆಮಾತ್ರೆ ಸೇವಿಸಿ ಬರುವುದು ಅಪಾಯಕರ.

ಈ ಎಲ್ಲ ಕ್ರಮಗಳಿಂದಲೂ ಭಯ ಇಳಿಯದವರು ಕೆಲವರಿರುತ್ತಾರೆ. ಅವರಿಗೆ ನೈಟ್ರಸ್ ಆಕ್ಸೈಡ್-ಆಮ್ಲಜನಕದ ಮಿಶ್ರಣ ಅಥವಾ ಮಿಡಾಜೋಲಾಮ್‌ನಂತಹ ಔಷಧಗಳಿಂದ ಶಮನ ನೀಡುವ ಸೌಲಭ್ಯವು ತರಬೇತಾದ ಸಿಬ್ಬಂದಿ ಮತ್ತು ನಿಗಾ ಉಪಕರಣಗಳಿರುವ ಕೇಂದ್ರಗಳಲ್ಲಿ ಮಾತ್ರ ನಡೆಯಬೇಕು. ಮಿಡಾಜೋಲಾಮ್ ಪಡೆದವರು ಜೊತೆಗಾರರೊಂದಿಗೆ ಮರಳಬೇಕು, ಮರುದಿನದವರೆಗೆ ವಾಹನ ಚಲಾಯಿಸಬಾರದು. ಭಯವು ಬದುಕಿನ ಇತರ ಭಾಗಗಳನ್ನೂ ಆವರಿಸಿದ್ದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಆಪ್ತಸಲಹೆ ಪಡೆಯಬಹುದು.

9. ಗ್ರಾಮ ಮಟ್ಟದಲ್ಲಿ ಆಗಬೇಕಾದ ಕೆಲಸ

ಕುರ್ಚಿಯಲ್ಲಿ ಕಾಣಿಸುವ ಭಯದ ಬೀಜ ಬಹುಮಟ್ಟಿಗೆ ಮನೆಯಲ್ಲಿ, ಶಾಲೆಯಲ್ಲಿ, ಶಿಬಿರದಲ್ಲಿ ಬಿದ್ದಿರುತ್ತದೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಚರ್ಚಿಸುವುದು ಸೂಕ್ತ:

(ಅ) “ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ” ಎಂದು ಮಕ್ಕಳನ್ನು ಬೆದರಿಸುವುದನ್ನು ನಿಲ್ಲಿಸುವಂತೆ ಅಂಗನವಾಡಿ ತಾಯಂದಿರ ಸಭೆಯಲ್ಲಿ ತಿಳಿಸುವುದು.

(ಆ) ಶಾಲೆ ಅಥವಾ ಸಮುದಾಯ ಭವನದಲ್ಲಿ ನಡೆಯುವ ದಂತ ಶಿಬಿರದಲ್ಲಿ ತಪಾಸಣೆಯ ಸ್ಥಳ ಮತ್ತು ಚಿಕಿತ್ಸೆಯ ಸ್ಥಳವನ್ನು ಪ್ರತ್ಯೇಕಿಸುವುದು. ಒಬ್ಬರ ಹಲ್ಲು ಕೀಳುವುದನ್ನು ಸಾಲಿನಲ್ಲಿ ನಿಂತ ಮೂವತ್ತು ಮಂದಿ ನೋಡುವಂತಿರಬಾರದು. ಪರದೆ ಕಟ್ಟುವುದು, ರಕ್ತದ ಹತ್ತಿ ಮತ್ತು ಉಪಕರಣಗಳ ತಟ್ಟೆಯನ್ನು ಮರೆಯಲ್ಲಿಡುವುದು, ಸೂಜಿಯ ಹೊಸ ಪೊಟ್ಟಣವನ್ನು ರೋಗಿಯ ಸಮ್ಮುಖದಲ್ಲಿಯೇ ಒಡೆಯುವುದು.

(ಇ) ಮಕ್ಕಳನ್ನು ಬಲವಂತವಾಗಿ ಹಿಡಿದು ಕೂರಿಸದಿರುವುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹಲ್ಲಿನ ತೊಂದರೆ ಗುರುತಿಸಲ್ಪಟ್ಟ ಮಕ್ಕಳು ಮುಂದಿನ ಚಿಕಿತ್ಸೆಗೆ ಬಾರದಿದ್ದಲ್ಲಿ, ಅದರ ಕಾರಣವು ಭಯವೇ ಎಂದು ಪೋಷಕರನ್ನು ವಿಚಾರಿಸಿ ಚೀಟಿಯಲ್ಲಿ ಬರೆಯುವುದು.

(ಈ) ಆಶಾ ಕಾರ್ಯಕರ್ತೆಯು ರೋಗಿಯನ್ನು ಕಳುಹಿಸುವಾಗ ಚೀಟಿಯ ಮೂಲೆಯಲ್ಲಿ “ಸೂಜಿಯ ಭಯವಿದೆ”, “ಹಿಂದೆ ತಲೆಸುತ್ತಿ ಬಿದ್ದಿದ್ದರು” ಎಂಬ ಒಂದು ಸಾಲು ಸೇರಿಸುವುದು. ರೋಗಿ ಹೇಳಲಾರದ ಮಾತನ್ನು ಆ ಸಾಲು ಹೇಳುತ್ತದೆ.

(ಉ) ಕೆನ್ನೆ ಊದಿ ಜ್ವರ ಬಂದವರು, ಬಾಯಿ ತೆರೆಯಲಾಗದವರು, ನುಂಗಲು ಅಥವಾ ಉಸಿರಾಡಲು ಕಷ್ಟಪಡುವವರು, ಊತ ಕಣ್ಣಿನ ಕಡೆಗೆ ಅಥವಾ ಕುತ್ತಿಗೆಗೆ ಹರಡಿದವರು ಭಯದ ಕಾರಣಕ್ಕೂ ತಡಮಾಡದೆ ಅದೇ ದಿನ ಆಸ್ಪತ್ರೆ ತಲುಪುವಂತೆ ನೋಡಿಕೊಳ್ಳುವುದು.

10. ಸಾರಾಂಶ

ಗಮನಿಸುವುದು, ಕೇಳುವುದು, ಅಂಕ ಬರೆಯುವುದು, ನಿಜ ಹೇಳುವುದು, ಸಂಕೇತ ಕೊಡುವುದು, ಅರಿವಳಿಕೆಯನ್ನು ಪರೀಕ್ಷಿಸುವುದು, ಕೈ ಎತ್ತಿದಾಗ ನಿಲ್ಲಿಸುವುದು. ಈ ಏಳು ಹೆಜ್ಜೆಗಳಲ್ಲಿ ಯಾವುದಕ್ಕೂ ಪ್ರತ್ಯೇಕ ಅನುದಾನ ಬೇಕಾಗಿಲ್ಲ. ಇವುಗಳ ಫಲವನ್ನು ಅಂದಿನ ಚಿಕಿತ್ಸೆ ಮುಗಿಯಿತೇ ಎಂಬುದರಿಂದ ಅಳೆಯಲಾಗದು. ಆ ರೋಗಿಯು ಮುಂದಿನ ಬಾರಿ, ಹಲ್ಲು ಸ್ವಲ್ಪ ಜುಮ್ಮೆಂದ ದಿನವೇ, ತಾನಾಗಿ ಬಂದು ಸರದಿಯಲ್ಲಿ ಕುಳಿತನೇ ಎಂಬುದರಿಂದ ಅಳೆಯಬೇಕು.

ಚರ್ಚೆಗಾಗಿ ಪ್ರಶ್ನೆಗಳು

1. ನಿಮ್ಮ ವ್ಯಾಪ್ತಿಯಲ್ಲಿ ಹಲ್ಲಿನ ಚಿಕಿತ್ಸೆಗೆ ಹೆಸರು ಬರೆಸಿಯೂ ಹೋಗದವರು ಯಾರು? ಅವರ ಕಾರಣವನ್ನು ಯಾರಾದರೂ ಕೇಳಿದ್ದಾರೆಯೇ?
2. “ನೋವೇ ಆಗಲ್ಲ” ಎಂಬ ಭರವಸೆಗೂ “ನೋವಾದರೆ ನಿಲ್ಲಿಸುತ್ತೇನೆ” ಎಂಬ ಭರವಸೆಗೂ ಇರುವ ವ್ಯತ್ಯಾಸವೇನು?
3. ಕಳೆದ ದಂತ ಶಿಬಿರದಲ್ಲಿ ಸಾಲಿನಲ್ಲಿ ನಿಂತವರಿಗೆ ಏನು ಕಾಣುತ್ತಿತ್ತು, ಏನು ಕೇಳಿಸುತ್ತಿತ್ತು? ಮುಂದಿನ ಶಿಬಿರದ ಸ್ಥಳ ವಿನ್ಯಾಸವನ್ನು ಹೇಗೆ ಬದಲಿಸಬಹುದು?
4. ಮೇಲಿನ ಹಲ್ಲು ಮತ್ತು ದೃಷ್ಟಿಯ ಕುರಿತ ನಂಬಿಕೆಯನ್ನು ಹಿರಿಯರ ಮನಸ್ಸು ನೋಯದಂತೆ ಹೇಗೆ ತಿಳಿಹೇಳುವಿರಿ?